ಹತ್ತೊಂಬತ್ತನ್ನು ಒಂಬತ್ತು ಮಾಡಿದವಳು

ಲಲಿತಾಳ ಅಂಕಿ ತಿದ್ದಿದ್ದು ನಾನು. 19 ಇದ್ದದ್ದನ್ನು 9 ಮಾಡಿದೆ, 4 ಇದ್ದದ್ದನ್ನು 14 ಮಾಡಿದೆ. ಒಂದು ಕಡೆಯಿಂದ ಒಂದು ಗೀಟು ತೆಗೆದು ಇನ್ನೊಂದು ಕಡೆ ಇಟ್ಟದ್ದು, ಅಷ್ಟೆ — ಪೆನ್ಸಿಲ್ ಕೆಲಸ, ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಆರು ವರ್ಷ ಬಾಯಿ ಮುಚ್ಚಿಕೊಂಡು ಕೂತೆ.

ಈ ಲೇಖನ ಬೇರೆಯೇ ಆಗಬೇಕಿತ್ತು. ಮುಂಬೈ ಪಕ್ಕದ ಠಾಣೆ ಊರಿನ ನಮ್ಮ ಕನ್ನಡ ಸಂಘದವರು ವಾರ್ಷಿಕ ಸಂಚಿಕೆಗೆ ನಾಲ್ಕು ಪುಟ ಕೇಳಿದ್ದರು: ನಮ್ಮಂಥ ಸಣ್ಣ ಹಾಕಿ ಕ್ಲಬ್ಬಿನವರು ದೊಡ್ಡ ತಂಡಗಳ ಆಟದಿಂದ ಏನು ಕಲಿಯಬಹುದು ಅಂತ. ನನ್ನ ಹೆಸರು ಯಾರು ಹೇಳಿದ್ದು ಎಂದು ಕೇಳಿದೆ. "ಕಲ್ಯಾಣದ ಲಲಿತಕ್ಕ. ಶಶಿಯನ್ನೇ ಕೇಳಿ, ದೊಡ್ಡ ಆಟ ಅವಳು ಅರೆದು ಕುಡಿದಿದ್ದಾಳೆ ಅಂದ್ರು" — ಅಂತ ಫೋನಿನಲ್ಲಿ ಆ ಮನುಷ್ಯ ಖುಷಿಯಲ್ಲಿ ಹೇಳಿದ. ನಾನು ಆಯ್ತು ಅಂದೆ. ಮೂರು ಸಂಜೆ ಕೂತು 'ಮೊದಲನೆಯದಾಗಿ' ಅಂತ ಬರೆದೆ. ಆ ಶಬ್ದದಿಂದ ಮುಂದೆ ಪೆನ್ನು ಹೋಗಲಿಲ್ಲ. ಹೋಗುವುದಾದರೂ ಹೇಗೆ? ದೊಡ್ಡ ಆಟದಿಂದ ನಾನು ಕಲಿತದ್ದು ಏನು ಅಂತ ನನಗೆ ಚೆನ್ನಾಗಿ ಗೊತ್ತು. ಬೇರೆಯವರಿಗೆ ಗೊತ್ತಿಲ್ಲ, ಅದೇ ತೊಂದರೆ.

ಲಲಿತಾ ಯಾರು ಅಂತ ಹೇಳಬೇಕು. ಉಡುಪಿ ಕಡೆಯವಳು, ನನ್ನ ಹಾಗೆಯೇ ಮದುವೆಯಾಗಿ ಈ ಕಡೆ ಬಂದವಳು. ಕಲ್ಯಾಣ ಸ್ಟೇಷನ್ ಹತ್ತಿರ ಅವರದ್ದೊಂದು ಸಸ್ಯಾಹಾರಿ ಹೋಟೆಲ್ ಉಂಟು. ನಾನು ಅವಳನ್ನು ಮೊದಲು ನೋಡಿದ್ದು ಹನ್ನೊಂದು ವರ್ಷದ ಹಿಂದೆ, ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ. ಡೊಂಬಿವಿಲಿಯಲ್ಲಿ ನಾನು ಹತ್ತಿದಾಗ ಬಾಗಿಲ ಹತ್ತಿರ ನಿಂತಿದ್ದಳು, ಕೈಯಲ್ಲಿ ಹಳೆಯ ದಿಂಬಿನ ಚೀಲದಲ್ಲಿ ಸುತ್ತಿದ ಉದ್ದದ ಎಂತದೋ. ಒಬ್ಬಳು ಕಿಟಕಿ ಪರದೆಯ ಕೋಲು ಅಂದುಕೊಂಡು "ಪರ್ದೇ ಕಾ ರಾಡ್ ಹೈ ಕ್ಯಾ?" ಅಂತ ಕೇಳಿದಳು. ಲಲಿತಾ ಗಂಭೀರವಾಗಿ, "ನಹೀಂ, ಸಾಸ್ ಕೆ ಲಿಯೇ ಹೈ" — ಅಲ್ಲ, ಅತ್ತೆಗೆ ಅಂತ — ಅಂದಳು. ಡಬ್ಬಿ ಪೂರಾ ನಕ್ಕಿತು. ನಾನು ಚೀಲದ ಬಾಯಲ್ಲಿ ಇಣುಕಿದ ಹಿಡಿಯ ಟೇಪು ನೋಡಿ, "ಹಾಕಿ ಸ್ಟಿಕ್ ಅಲ್ವಾ?" ಅಂತ ಕನ್ನಡದಲ್ಲಿ ಕೇಳಿದೆ. ನಾನೂ ಕಾಲೇಜಿನಲ್ಲಿ ಆಡಿದವಳು. ಅವಳು ನನ್ನ ತೋಳು ಗಟ್ಟಿ ಹಿಡಿದುಕೊಂಡು, "ಭಾನುವಾರ ಬಾ ಮಾರಾಯ್ತಿ, ಹನ್ನೊಂದು ಜನ ಆಗ್ತಾ ಇಲ್ಲ" ಅಂದಳು.

ಕ್ಲಬ್ಬು ಶುರುವಾದದ್ದು ಹಾಗೆ. ಠಾಣೆಯ ಘೋಡಬಂದರ್ ರಸ್ತೆಯ ಒಂದು ಶಾಲೆಯ ಮಣ್ಣಿನ ಮೈದಾನ, ಭಾನುವಾರ ಬೆಳಿಗ್ಗೆ ಆರೂವರೆಯಿಂದ ಒಂಬತ್ತು. ಮೂವತ್ತು ದಾಟಿದ ಹೆಂಗಸರು, ನಡುವೆ ನಾಲ್ಕೈದು ಕಾಲೇಜು ಹುಡುಗಿಯರು. ಲಲಿತಾ ಫುಲ್ ಬ್ಯಾಕ್, ಅಂದರೆ ಗೋಲು ಕಾಯುವ ಗೋಲಿಯ ಮುಂದೆ ಕೊನೆಯ ಕಾವಲು. ಓಡುವುದು ಕಡಿಮೆ, ಬೊಬ್ಬೆ ಹೊಡೆಯುವುದು ಜಾಸ್ತಿ. "ಎಡಕ್ಕೆ! ಎಡಕ್ಕೆ ಅಂದೆ! ನಿನ್ನ ಎಡ ಅಲ್ಲ, ಚೆಂಡಿನ ಎಡ!" — ಮಾಜಿವಾಡಾವರೆಗೆ ಕೇಳುತ್ತದೆ ಅಂತ ನಾವು ತಮಾಷೆ ಮಾಡುತ್ತಿದ್ದೆವು. ಯಾರೂ ಅವಳನ್ನು ಕ್ಯಾಪ್ಟನ್ ಮಾಡಿರಲಿಲ್ಲ. ಆದರೂ ಅವಳು ಹೇಳಿದಲ್ಲಿ ನಿಲ್ಲುತ್ತಿದ್ದೆವು.

ನಾನು ಕೆಲಸ ಮಾಡುವುದು ಮಹಾಪೆಯಲ್ಲಿ, ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ. ಅಳತೆ ನೋಡುವುದು, ಬರೆಯುವುದು. ಬರೆದ ಅಂಕಿ ತಪ್ಪಿದರೆ ಅಳಿಸುವ ಹಾಗಿಲ್ಲ, ಅಡ್ಡಗೀಟು ಹಾಕಿ ಪಕ್ಕದಲ್ಲಿ ಸಹಿ ಮಾಡಬೇಕು. ಇಪ್ಪತ್ತು ವರ್ಷದಿಂದ ಇದನ್ನು ಹೊಸಬರಿಗೆ ಕಲಿಸುತ್ತಿರುವವಳು ನಾನೇ. ಇದನ್ನು ಯಾಕೆ ಹೇಳಿದೆ ಅಂದರೆ — ಗೊತ್ತಿಲ್ಲದೆ ಮಾಡಿದೆ ಅಂತ ಯಾರೂ ನನ್ನ ಪರ ವಾದಿಸಬಾರದು.

ಲೋಕಲಿನಲ್ಲಿ ಹೋಗುತ್ತಾ ಬರುತ್ತಾ ನಾನು ಫೋನಿನಲ್ಲಿ ದೊಡ್ಡ ದೊಡ್ಡ ತಂಡಗಳ ಪಂದ್ಯ ನೋಡಲು ಶುರು ಮಾಡಿದೆ. ಹುಚ್ಚೇ ಹಿಡಿಯಿತು. ಆ ವೇಗ, ಆ ಶಿಸ್ತು! ಎಲ್ಲಕ್ಕಿಂತ ನನಗೆ ಮರುಳು ಹಿಡಿಸಿದ್ದು ಅವರು ಆಟಗಾರ್ತಿಯರನ್ನು ಬದಲಿಸುವ ರೀತಿ. ಐದಾರು ನಿಮಿಷ ಆಡುತ್ತಾಳೆ, ಹೊರಗೆ ಬರುತ್ತಾಳೆ, ಇನ್ನೊಬ್ಬಳು ಒಳಗೆ. ಯಾರ ಮುಖದಲ್ಲೂ ಬೇಜಾರಿಲ್ಲ. ನಮ್ಮಲ್ಲೋ, ಹೊರಗೆ ಬಾ ಅಂದರೆ ಒಂದು ವಾರ ಮಾತು ಬಿಡುತ್ತಾರೆ. ಇದನ್ನು ನಮ್ಮ ಕ್ಲಬ್ಬಿಗೆ ತರಬೇಕು ಅಂತ ಹಟ ಹಿಡಿದೆ. ಆಫೀಸಿನಲ್ಲಿ ಬಿಸಾಡಲು ಇಟ್ಟಿದ್ದ ಬಿಳಿ ಬೋರ್ಡು ತಂದೆ, ಬಣ್ಣಬಣ್ಣದ ಮ್ಯಾಗ್ನೆಟ್ ತಂದೆ. ಯಾರು ಎಷ್ಟು ಚೆಂಡು ತಡೆದರು, ಎಷ್ಟು ಕಳೆದುಕೊಂಡರು ಅಂತ ಲೆಕ್ಕ ಇಡಲು ಹೊರಟೆ. ನಮ್ಮ ಗೋಲಿ ಪ್ರಾಚಿ ಡೊಂಬಿವಿಲಿಯಲ್ಲೇ ಹುಟ್ಟಿದ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ತನ್ನ ಫೋನನ್ನು ಗೋಡೆಯ ಮೇಲೆ ಇಟ್ಟು ವಿಡಿಯೋ ಮಾಡುತ್ತಿದ್ದಳು. ನಾನು ಅದನ್ನು ನೋಡಿ ಗೀಟು ಹಾಕುತ್ತಿದ್ದೆ — ಲಲಿತಾಳ ಹೋಟೆಲಿನವರು ಪ್ರತಿ ವರ್ಷ ಹಂಚುವ ಪಂಚಾಂಗದ ಕ್ಯಾಲೆಂಡರ್ ಇತ್ತಲ್ಲ, ಅದರ ಹಳೆಯ ತಿಂಗಳ ಹಾಳೆಗಳ ಬೆನ್ನಿನ ಮೇಲೆ.

ಒಂದು ಭಾನುವಾರ ಬೋರ್ಡಿನ ಮುಂದೆ ನಿಂತು ಎಲ್ಲರಿಗೂ ವಿವರಿಸುತ್ತಿದ್ದೆ. ಎದುರಾಳಿಯನ್ನು ಅವರ ಅರ್ಧದಲ್ಲೇ ಒತ್ತಿ ಹಿಡಿಯಬೇಕು, ನಮ್ಮ ಬ್ಯಾಕುಗಳೂ ಮುಂದೆ ಬರಬೇಕು, ಹೀಗೆ ಬಾಣ, ಹಾಗೆ ಬಾಣ. ಲಲಿತಾ ಇಡ್ಲಿ ಡಬ್ಬಿಯ ಮುಚ್ಚಳ ತೆಗೆಯುತ್ತಾ, "ಶಶಿ, ಚಂದ ಉಂಟು. ಆದರೆ ಇದು ಹಾಕಿ ಅಲ್ಲ, ರಂಗೋಲಿ" ಅಂದಳು. ಹದಿನೆಂಟು ಜನ ನಕ್ಕರು. ಪ್ರಾಚಿ ಹೆಲ್ಮೆಟ್ಟಿನೊಳಗೆ ನಕ್ಕದ್ದೂ ಕೇಳಿತು. ನಾನೂ ನಕ್ಕೆ. ಇಡ್ಲಿ ತಿಂದೆ. ಮನೆಗೆ ಹೋಗುವವರೆಗೆ ಕಿವಿ ಬಿಸಿ ಇತ್ತು.

ಹೇಳಬೇಕಾದ ಕಾರಣ ಇಷ್ಟೇ. ಇನ್ನೂ ಆಳದ್ದು ಏನಾದರೂ ಇರಬಹುದು ಅಂತ ನಾನು ತುಂಬ ಹುಡುಕಿದ್ದೇನೆ — ಇಲ್ಲ. ರಂಗೋಲಿ ಅಂದಳು, ಎಲ್ಲರೂ ನಕ್ಕರು.

ಒಂದೆರಡು ತಿಂಗಳಿಗೆ ನವಿ ಮುಂಬೈಯ ಕೃತಕ ಹುಲ್ಲಿನ ಮೈದಾನದಲ್ಲಿ ಸಣ್ಣ ಕ್ಲಬ್ಬುಗಳ ಪಂದ್ಯಾವಳಿ ಬಂತು. ಯಾರು ಎಷ್ಟು ಹೊತ್ತು ಆಡುವುದು ಅಂತ ಅಂಕಿ ನೋಡಿಯೇ ತೀರ್ಮಾನಿಸುವುದು ಅಂತ ನಾನು ಮೊದಲೇ ಒಪ್ಪಿಸಿದ್ದೆ. "ಯಾರಿಗೂ ಬೇಜಾರಿಲ್ಲ, ನಾನು ಹೇಳಿದ್ದಲ್ಲ, ಅಂಕಿ ಹೇಳಿದ್ದು" ಅಂದಿದ್ದೆ. ಹಿಂದಿನ ದಿನ ಸಂಜೆ ನಾಲ್ಕು ಭಾನುವಾರದ ವಿಡಿಯೋ ನೋಡಿ ಗೀಟು ಕೂಡಿಸಿದೆ. ತಡೆದ ಚೆಂಡು: ಲಲಿತಾ ಹತ್ತೊಂಬತ್ತು. ಎಲ್ಲ ಬ್ಯಾಕುಗಳಲ್ಲಿ ಅವಳೇ ಮೊದಲು, ಎರಡನೆಯವಳು ಹನ್ನೆರಡರಲ್ಲಿದ್ದಳು. ಕಳೆದುಕೊಂಡದ್ದು: ನಾಲ್ಕು. ನನಗೆ ನಂಬಿಕೆ ಬರದೆ ಮತ್ತೊಮ್ಮೆ ಎಣಿಸಿದೆ. ಅದೇ ಬಂತು. ಓಡದವಳು, ಬೋರ್ಡು ನೋಡಿ ನಗುವವಳು, ನನ್ನ ಅಂಕಿಯಲ್ಲೂ ಅವಳೇ ಗೆದ್ದಳಲ್ಲ — ಸಿಟ್ಟು ಬಂತು. ಹೌದು, ಸಿಟ್ಟು. ಇನ್ನೊಂದು ತಿಂಗಳ ಹಾಳೆ ತೆಗೆದು, ಅದರ ಬೆನ್ನಿಗೆ ಎಲ್ಲವನ್ನೂ ಚೆಂದವಾಗಿ ಪ್ರತಿ ಮಾಡಿದೆ. ಅವಳ ಸಾಲಿಗೆ ಬಂದಾಗ ಕೈ ನಿಲ್ಲಲಿಲ್ಲ. 9. 14.

ಬೆಳಿಗ್ಗೆ ಆ ಹಾಳೆಯನ್ನು ಬೋರ್ಡಿಗೆ ಅಂಟಿಸಿದೆ. ಎಲ್ಲರೂ ಬಂದು ನೋಡಿ ಹೋದರು. ಲಲಿತಾ ಬೇರೆಯವರಿಗಿಂತ ಹೆಚ್ಚು ಹೊತ್ತು ನಿಂತಳು.

"ಇದು ನಂದಾ?"

"ವಿಡಿಯೋ ನೋಡಿಯೇ ಬರೆದದ್ದು" ಅಂದೆ.

ಅವಳು ವಾದ ಮಾಡುತ್ತಾಳೆ ಅಂತ ನಾನು ತಯಾರಾಗಿದ್ದೆ. ವಿಡಿಯೋ ತೋರಿಸು ಅಂದರೆ ಏನು ಹೇಳಬೇಕು ಅಂತಲೂ ಯೋಚಿಸಿದ್ದೆ. ಅವಳು ಕೇಳಲೇ ಇಲ್ಲ. ಮುಖದ ಬೆವರು ಒರೆಸಿಕೊಂಡು ಮೊಣಕಾಲ ಕೆಳಗೆ ಪ್ಯಾಡು ಕಟ್ಟಿಕೊಂಡಳು.

ನಾನು ಆ ದಿನ ಆಡಲಿಲ್ಲ. ಕೋಚ್ ಹಾಗೆ ಗೆರೆಯ ಹೊರಗೆ ಕೈಕಟ್ಟಿ ನಿಂತಿದ್ದೆ. ಒಂದು ಕಿವಿಗೆ ಇಯರ್‌ಫೋನ್ ಬೇರೆ, ಅದರ ಇನ್ನೊಂದು ತುದಿ ಜೇಬಿನಲ್ಲಿ, ಯಾವುದಕ್ಕೂ ಸಿಕ್ಕಿಸಿರಲಿಲ್ಲ. ದೊಡ್ಡ ಕೋಚುಗಳು ಹಾಕಿಕೊಳ್ಳುತ್ತಾರಲ್ಲ ಅಂತ ಹಾಕಿದ್ದು. ಈಗ ನೆನೆಸಿದರೆ ಥೂ ಅನ್ನಿಸುತ್ತದೆ. ಮೊದಲ ಕ್ವಾರ್ಟರಿನ ಐದನೇ ನಿಮಿಷಕ್ಕೆ ಕೈ ಎತ್ತಿ ಲಲಿತಾಳನ್ನು ಹೊರಗೆ ಕರೆದೆ, ಅವಳ ಜಾಗಕ್ಕೆ ಚುರುಕಾಗಿ ಓಡುವ ಒಬ್ಬಳನ್ನು ಕಳಿಸಿದೆ.

ಅವಳು ಏದುಸಿರು ಬಿಡುತ್ತಾ ಬಂದು, "ಮತ್ತೆ ಕರಿ, ಆಯ್ತಾ?" ಅಂದಳು.

"ರೆಸ್ಟ್ ತೆಗೋ. ಕರೀತೇನೆ."

ಪಂದ್ಯದ ನಾಲ್ಕೂ ಕ್ವಾರ್ಟರ್ ಮುಗಿದವು. ಕರೆಯಲಿಲ್ಲ. ಅವಳು ಬೆಂಚಿನ ತುದಿಯಲ್ಲಿ ಕೂತಿದ್ದಳು, ಬಾಯಲ್ಲಿ ಹಲ್ಲಿನ ಗಾರ್ಡು ಹಾಕಿಕೊಂಡೇ. ಕರೆದರೆ ತಡ ಆಗಬಾರದಲ್ಲ, ಅದಕ್ಕೆ ತೆಗೆಯಲೇ ಇಲ್ಲ. ಗಾರ್ಡು ಇದ್ದರೆ ಬೊಬ್ಬೆ ಹೊಡೆಯಲು ಆಗುವುದಿಲ್ಲ. ಹಾಗಾಗಿ ಚಪ್ಪಾಳೆ ಮಾತ್ರ ತಟ್ಟುತ್ತಿದ್ದಳು. ಎರಡು ಸಲ ಎದ್ದು ನಿಂತು ಪ್ಯಾಡಿನ ಪಟ್ಟಿ ಬಿಗಿ ಮಾಡಿಕೊಂಡು ನನ್ನ ಕಡೆ ನೋಡಿದಳು. ನಾನು ಬೋರ್ಡು ನೋಡಿದೆ. ಪಂದ್ಯ ನಾವು ಎರಡು–ಒಂದರಲ್ಲಿ ಗೆದ್ದೆವು. ಅದೂ ಒಂದು ಶನಿ — ಸೋತಿದ್ದರೆ ಆಗಲೇ ನಾಲ್ಕು ಜನ ನನ್ನನ್ನು ಕೇಳುತ್ತಿದ್ದರು, ಸತ್ಯ ಹೊರಗೆ ಬೀಳುತ್ತಿತ್ತು.

ವಾಪಸು ಬರುವಾಗ ಟ್ರೈನಿನಲ್ಲಿ ಅವಳು ಕೇಳಿದ್ದು ಒಂದೇ ಮಾತು. "ನಾನು ಅಷ್ಟು ಕೆಟ್ಟದಾಗಿ ಆಡ್ತಾ ಇದ್ದೇನಾ, ಶಶಿ? ನಂಗೆ ಗೊತ್ತೇ ಆಗ್ತಿಲ್ಲ ನೋಡು." ಆಗ ಹೇಳಬಹುದಿತ್ತು. ಠಾಣೆ ಬರಲು ಇನ್ನೂ ಮೂರು ಸ್ಟೇಷನ್ ಇತ್ತು. ನಾನು ಹೇಳಿದ್ದು — "ವಯಸ್ಸು ಎಲ್ಲರಿಗೂ ಆಗ್ತದೆ ಮಾರಾಯ್ತಿ." ಅವಳಿಗೆ ಆಗ ನಲವತ್ತಾರು. ನನಗಿಂತ ಎರಡೇ ವರ್ಷ ದೊಡ್ಡವಳು.

ಮುಂದಿನ ನಾಲ್ಕು ಭಾನುವಾರ ಬಂದಳು. ಬೊಬ್ಬೆ ಇಲ್ಲ. ಚೆಂಡು ಬಂದರೆ ಹಿಂದೆ ಮುಂದೆ ನೋಡುತ್ತಾ ತಡವರಿಸುತ್ತಿದ್ದಳು, ಸುಲಭದ್ದೂ ಬಿಟ್ಟಳು. ನಾನು ಬರೆದ ಅಂಕಿಯ ಹಾಗೆ ಆಡಲು ಕಲಿತುಬಿಟ್ಟಳು. ಆಮೇಲೆ ಲಾಕ್‌ಡೌನ್ ಬಂತು, ಕ್ಲಬ್ಬು ಮುಚ್ಚಿತು. ಮತ್ತೆ ಶುರುವಾದಾಗ ಎಲ್ಲರೂ ಬಂದರು, ಅವಳು ಬರಲಿಲ್ಲ. ಹೋಟೆಲ್ ಕೆಲಸ ಇರಬೇಕು ಅಂತ ಉಳಿದವರು ಅಂದುಕೊಂಡರು. ನಾನು ಹೌದು ಹೌದು ಅಂದೆ.

ಒಂದು ವರ್ಷದ ನಂತರ ಯಾವುದೋ ಮದುವೆಯಲ್ಲಿ ಸಿಕ್ಕಳು. ಕನ್ನಡಕ ಬಂದಿತ್ತು. ಕಣ್ಣಿನ ಡಾಕ್ಟರರ ಹತ್ತಿರ ಎರಡು ಸಲ ಹೋದಳಂತೆ. "ದೂರದ್ದು ಸರಿ ಉಂಟು, ಹತ್ತಿರದ್ದಕ್ಕೆ ಮಾತ್ರ ಕನ್ನಡಕ ಸಾಕು ಅಂತಾರೆ, ಆದರೆ ನಂಗೆ ಗೊತ್ತು, ಚೆಂಡೇ ಕಾಣ್ತಿರಲಿಲ್ಲ ಅಂದಮೇಲೆ" ಅಂದಳು. ಸ್ಕೂಟರ್ ಬಿಟ್ಟಿದ್ದಳು. ಹದಿನೈದು ವರ್ಷ ಕಲ್ಯಾಣದ ಆ ಟ್ರಾಫಿಕ್ಕಿನಲ್ಲಿ, ಬೆಳಗಿನ ಜಾವ ಮನೆಯಿಂದ ಹೋಟೆಲಿಗೆ ಸ್ಕೂಟರಿನಲ್ಲಿ ಹೋಗುತ್ತಿದ್ದವಳು ಈಗ ರಿಕ್ಷಾ ಹಿಡಿಯುತ್ತಿದ್ದಳು. "ಹತ್ತೊಂಬತ್ತು ಚೆಂಡಲ್ಲಿ ಹದಿನಾಲ್ಕು ಬಿಡುವವಳು ಲಾರಿ ಬಿಟ್ಟರೆ ಎಂತ ಗತಿ?" ಅಂತ ನಕ್ಕಳು. ಲೆಕ್ಕ ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಆ ಹತ್ತೊಂಬತ್ತು ಅವಳ ಬಾಯಿಗೆ ಎಲ್ಲಿಂದ ಬಂತೋ — ನನ್ನ ಕೈಯಲ್ಲಿದ್ದ ಊಟದ ತಟ್ಟೆ ಅಲ್ಲೇ ಇಟ್ಟು ಕೈ ತೊಳೆದೆ.

ಅವತ್ತೂ ಹೇಳಲಿಲ್ಲ.

ಈ ನಡುವೆ ದೊಡ್ಡ ಪಂದ್ಯ ನೋಡುವುದನ್ನು ನಾನು ನಿಲ್ಲಿಸಿರಲಿಲ್ಲ. ಒಮ್ಮೆ ಒಬ್ಬ ಬ್ಯಾಕ್ ಆಟಗಾರ್ತಿಯನ್ನೇ ಇಡೀ ಪಂದ್ಯ ನೋಡಿದೆ, ಚೆಂಡನ್ನಲ್ಲ. ಆಕೆ ಹೆಚ್ಚು ಓಡಲೇ ಇಲ್ಲ. ಚೆಂಡು ಬರುವ ಮೊದಲು ಎರಡು ಸಲ ತಲೆ ತಿರುಗಿಸಿ ಹಿಂದೆ ನೋಡುತ್ತಿದ್ದಳು, ಎರಡು ಹೆಜ್ಜೆ ಸರಿಯುತ್ತಿದ್ದಳು, ಚೆಂಡು ತಾನಾಗಿ ಅವಳ ಕೋಲಿಗೆ ಬರುತ್ತಿತ್ತು. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ — ಕೈ ತೋರಿಸುತ್ತಾ ಎಲ್ಲರನ್ನೂ ಸರಿಸುತ್ತಿದ್ದಳು. ಅಯ್ಯೋ ದೇವರೇ, ಇದು ಲಲಿತಾ ಅಲ್ವಾ ಅನ್ನಿಸಿತು. ನಾನು ಫೋನಿನ ಸಣ್ಣ ಪರದೆಯಲ್ಲಿ ಹುಡುಕುತ್ತಿದ್ದ ಆಟ ಪ್ರತಿ ಭಾನುವಾರ ನನ್ನ ಹಿಂದೆಯೇ ನಿಂತು ಬೊಬ್ಬೆ ಹೊಡೆಯುತ್ತಿತ್ತು.

ಇನ್ನೊಂದೂ ನೋಡಿದೆ. ಬದಲಿಯಾಗಿ ಹೊರಗೆ ಬಂದವಳನ್ನು ಅಲ್ಲಿ ಯಾರೂ ಸುಮ್ಮನೆ ಕೂರಿಸುವುದಿಲ್ಲ. ಒಬ್ಬರು ನೀರು ಕೊಡುತ್ತಾರೆ, ಒಬ್ಬರು ಮಂಡಿಯೂರಿ ಎದುರು ಕೂತು ಏನೋ ಹೇಳುತ್ತಾರೆ, ನಾಲ್ಕು ನಿಮಿಷದಲ್ಲಿ ಅವಳು ಮತ್ತೆ ಒಳಗೆ. ಅವರ ಮುಖದಲ್ಲಿ ಬೇಜಾರು ಇಲ್ಲದ್ದು ಅದಕ್ಕೇ — ಮತ್ತೆ ಕರೆಯುತ್ತಾರೆ ಅಂತ ಗೊತ್ತು. ನಾನು ಅರ್ಧ ಮಾತ್ರ ಕಲಿತೆ, ಹೊರಗೆ ಕರೆಯುವ ಅರ್ಧ. ಸಂಘದವರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇದು. ಬೋರ್ಡು, ಅಂಕಿ, ವಿಡಿಯೋ ಎಲ್ಲ ಬೇಕು, ಒಳ್ಳೆಯದೇ. ಆದರೆ ಅಂಕಿ ಬರೆಯುವವರ ಮೇಲೆ ಇನ್ನೊಬ್ಬರ ಕಣ್ಣಿರಲಿ. ಹೊರಗೆ ಕರೆದವರನ್ನು ಒಳಗೆ ಕಳಿಸಿ.

ಹೋದ ತಿಂಗಳು ಪ್ರಾಚಿ ಮನೆಗೆ ಬಂದಿದ್ದಳು. ಈಗ ಕ್ಲಬ್ಬಿನಲ್ಲಿ ಹೊಸ ಹುಡುಗಿಯರು ಜಾಸ್ತಿ, ಬ್ಯಾಕುಗಳಿಗೆ ಕಲಿಸುವವರಿಲ್ಲ. "ಲಲಿತಾ ಆಂಟಿ ಕೋ ಬೋಲಾ ಮೈಂನೇ. ವೋ ಬೋಲೀ, ಮುಝೇ ಬಾಲ್ ಹೀ ನಹೀಂ ದಿಖತಾ, ಸಿಖಾಊಂಗೀ ಕ್ಯಾ?" ಅಂದಳು. ಚೆಂಡೇ ಕಾಣದವಳು ಏನು ಕಲಿಸಲಿ ಅಂದಳಂತೆ ಲಲಿತಾ. ಆಮೇಲೆ, "ಆಂಟೀ, ವೋ ಚಾರ್ಟ್ ಸಹೀ ಥಾ ನಾ?" ಅಂತ ಕೇಳಿದಳು. ವಿಡಿಯೋಗಳನ್ನು ಫೋನಿನಲ್ಲಿ ಜಾಗ ಇಲ್ಲ ಅಂತ ಅವಳು ಆಗಲೇ ಅಳಿಸಿದ್ದಳು. ನಾನು ಸರಿ ಇತ್ತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಒಳಗೆ ಹೋಗಿ ಕಪಾಟಿನಿಂದ ಆ ಎರಡು ಹಾಳೆ ತೆಗೆದೆ. ಅಸಲು ಹಾಳೆಯನ್ನು ನಾನು ಯಾಕೆ ಹರಿದಿರಲಿಲ್ಲವೋ ಗೊತ್ತಿಲ್ಲ, ಇಪ್ಪತ್ತು ವರ್ಷದ ಕೆಲಸದ ಅಭ್ಯಾಸ ಇರಬೇಕು — ದಾಖಲೆ ಹರಿಯುವ ಹಾಗಿಲ್ಲ. ಪ್ರಾಚಿ ಎರಡನ್ನೂ ನೋಡಿದಳು. ನನ್ನನ್ನು ನೋಡಲಿಲ್ಲ. ಚಪ್ಪಲಿ ಹಾಕಿಕೊಂಡು ಹೋದಳು.

ಮರುದಿನ ರಜೆ ಹಾಕಿ ಕಲ್ಯಾಣಕ್ಕೆ ಹೋದೆ. ಮಧ್ಯಾಹ್ನ ಮೂರು ಗಂಟೆ, ಹೋಟೆಲಿನಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತು. ಲಲಿತಾ ಒಳಗಿನ ಮೇಜಿನಲ್ಲಿ ಕರಿಬೇವು ಬಿಡಿಸುತ್ತಿದ್ದಳು. "ಓ, ಲೇಖಕಿ ಬಂದ್ರು!" ಅಂದಳು. ನಾನು ಎರಡು ಹಾಳೆಗಳನ್ನೂ ಬೋರಲು ಮಾಡಿ ಮುಂದೆ ಇಟ್ಟೆ. ಅವಳದೇ ಹೋಟೆಲಿನ ಕ್ಯಾಲೆಂಡರ್ ಹಾಳೆ ಅಂತ ಮೊದಲು ನಕ್ಕಳು. ತಿರುಗಿಸಿದಳು. ಕನ್ನಡಕ ಸರಿಮಾಡಿಕೊಂಡು ಓದಿದಳು, ಒಂದರ ಪಕ್ಕ ಒಂದು ಇಟ್ಟು ಬೆರಳಿನಿಂದ ಸಾಲು ಹಿಡಿದು ಮತ್ತೊಮ್ಮೆ ಓದಿದಳು.

"ಯಾವುದು ಸರಿ?"

"ಹತ್ತೊಂಬತ್ತು."

"ಯಾಕೆ ಮಾಡಿದಿ?"

"ನೀನು ರಂಗೋಲಿ ಅಂದಿದ್ದಿ."

ಅವಳಿಗೆ ನೆನಪೇ ಇರಲಿಲ್ಲ. ನಾನು ನೆನಪು ಮಾಡಿಕೊಡಬೇಕಾಯಿತು, ಬೋರ್ಡು, ಇಡ್ಲಿ ಡಬ್ಬಿ, ಎಲ್ಲ.

"ಅಷ್ಟಕ್ಕೇ?"

"ಅಷ್ಟಕ್ಕೇ."

ಕರಿಬೇವಿನ ಕಡ್ಡಿಗಳನ್ನು ಒಂದು ಕಡೆ ಗುಡಿಸಿದಳು. ಬೈಯಲಿ ಅಂತ ಕಾದೆ, ಬೈದಿದ್ದರೆ ಒಳ್ಳೆಯದಿತ್ತು. "ರಸ್ತೆ ದಾಟುವಾಗ ಯಾರಾದರೂ ಕೈ ಹಿಡಿಯಲಿ ಅಂತ ನಿಂತಿರ್ತೇನೆ ಶಶಿ" ಅಂದಳು. "ಆರು ವರ್ಷ. ನನ್ನ ಕಣ್ಣನ್ನೇ ನಾನು ನಂಬ್ಲಿಲ್ಲ. ನಿನ್ನನ್ನು ನಂಬಿದೆ."

ತಪ್ಪಾಯಿತು ಅಂದೆ. ಆ ಮಾತು ಅಲ್ಲೇ ಮೇಜಿನ ಮೇಲೆ ಬಿತ್ತು, ಅವಳು ಎತ್ತಿಕೊಳ್ಳಲಿಲ್ಲ. "ಸಂಚಿಕೆಗೆ ಇದನ್ನೇ ಬರಿ. ನನ್ನ ಹೆಸರು ಹಾಕಿಯೇ ಬರಿ. ಈ ಹಾಳೆ ಇಲ್ಲಿರಲಿ" ಅಂತ ಹತ್ತೊಂಬತ್ತರ ಹಾಳೆಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಇನ್ನೊಂದನ್ನು ನನ್ನ ಕಡೆ ತಳ್ಳಿದಳು. ಆ ಹೋಟೆಲಿನಿಂದ ಕಾಫಿ ಕುಡಿಯದೆ ನಾನು ಹೊರಟದ್ದು ಅದೇ ಮೊದಲು. ಕುಡಿ ಅಂತ ಅವಳು ಹೇಳಲಿಲ್ಲ.

ಬರೆದಿದ್ದೇನೆ. ಕ್ಲಬ್ಬಿನವರೆಲ್ಲರ ಮುಂದೆಯೂ ಬಾಯಿಬಿಟ್ಟು ಹೇಳಿದ್ದೇನೆ. ಇಬ್ಬರು ನನ್ನ ಹತ್ತಿರ ಮಾತಾಡುವುದಿಲ್ಲ, ಅವರದ್ದು ತಪ್ಪಿಲ್ಲ.

ಮೊನ್ನೆ ಭಾನುವಾರ ಮೈದಾನದ ಗೇಟಿನ ಹೊರಗೆ ಸ್ಕೂಟರ್ ನಿಂತ ಶಬ್ದ ಕೇಳಿತು. ಕಲ್ಯಾಣದಿಂದ ಘೋಡಬಂದರ್ ರಸ್ತೆವರೆಗೆ, ಅಷ್ಟು ದೂರ! ಲಲಿತಾ ಹೆಲ್ಮೆಟ್ ತೆಗೆದು ಹ್ಯಾಂಡಲಿಗೆ ಸಿಕ್ಕಿಸಿ ಒಳಗೆ ಬಂದಳು. ಪ್ರಾಚಿ ಓಡಿಹೋಗಿ ಅಪ್ಪಿಕೊಂಡಳು, ಅವಳ ಕೈಗೆ ಸೀಟಿ ಕೊಟ್ಟಳು. ಲಲಿತಾ ಹೊಸ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಚೆಂಡು ಬರುವ ಮೊದಲು ಹಿಂದೆ ನೋಡುವುದು ಹೇಗೆ ಅಂತ ತೋರಿಸಿದಳು. ಬೊಬ್ಬೆ ಮೊದಲು ಸಣ್ಣದಿತ್ತು. ಆಮೇಲೆ ಸರಿಯಾಯಿತು.

ಎಂಟು ಗಂಟೆಗೆ ಎರಡು ತಂಡ ಮಾಡಿದಳು. ನಾನು ಪ್ಯಾಡು ಕಟ್ಟಿಕೊಂಡು ಸಾಲಿನಲ್ಲಿ ನಿಂತಿದ್ದೆ. ಒಬ್ಬೊಬ್ಬರ ಹೆಸರು ಹೇಳುತ್ತಾ ಬಂದು ನನ್ನ ಎದುರು ನಿಂತಳು.

"ಶಶಿ, ನೀನು ಹೊರಗೆ."

ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ಹಲ್ಲಿನ ಗಾರ್ಡು ಬಾಯಲ್ಲೇ ಇಟ್ಟುಕೊಂಡೆ. ಒಂಬತ್ತು ಗಂಟೆಯವರೆಗೆ ಆಟ ನಡೆಯಿತು. ಕರೀತೇನೆ ಅಂತ ಅವಳು ಹೇಳಲಿಲ್ಲ. ಸುಳ್ಳು ಹೇಳುವ ಅಭ್ಯಾಸ ಅವಳಿಗಿಲ್ಲ.